ದೊಡ್ಡಮ್ಮನ ಪಿಸ್ತೂಲಿಗೊಂದು ಪೌಚು

ನಮ್ಮ ದೊಡ್ಡಮ್ಮನ ಪಿಸ್ತೂಲು ಈವರೆಗೆ ಒಬ್ಬ ಕಳ್ಳನನ್ನೂ ಹೆದರಿಸಿಲ್ಲ. ಅದನ್ನಿಡುವ ಪೌಚು ಮಾತ್ರ ದಾವಣಗೆರೆ, ಹರಿಹರ ಎರಡೂ ಊರಿನವರನ್ನು ಹೆದರಿಸಿದೆ! ಎಲ್ಲರಿಗಿಂತ ಹೆಚ್ಚು ಹೆದರಿದವನು ನಾನು. ಎಂ.ಎಸ್ಸಿ. ಓದಿದ್ದೇನೆ, ಆದರೂ ಎಲ್ಲಾದರೂ ಸ್ಟೀಲ್ ಲೋಟ ಬಿದ್ದರೆ ಮೊದಲು ಮೇಜಿನ ಕೆಳಗೆ ಹೋಗಿ, ಆಮೇಲೆ ಏನು ಬಿತ್ತು ಎಂದು ಕೇಳುತ್ತೇನೆ.

ದೊಡ್ಡಪ್ಪ ತೀರಿಕೊಂಡ ಮೇಲೆ ಹರಿಹರ ರಸ್ತೆಯ ಪೆಟ್ರೋಲ್ ಬಂಕನ್ನು ದೊಡ್ಡಮ್ಮನೇ ನಡೆಸುತ್ತಾರೆ. ಒಂದು ಸಂಜೆ ಮನೆಗೆ ಹೊರಟಾಗ ಇಬ್ಬರು ಅಡ್ಡಗಟ್ಟಿ ಮಚ್ಚು ತೋರಿಸಿದರು. ಲಾರಿಯೊಂದು ಬಂದದ್ದರಿಂದ ದೊಡ್ಡಮ್ಮ ಉಳಿದರು. ಆಮೇಲೆ ಓಡಾಡಿ ಲೈಸೆನ್ಸ್ ಪಡೆದರು, ಅಂಗೈಗಿಂತ ತುಸು ದೊಡ್ಡದಾದ ಪಿಸ್ತೂಲು ತಂದರು. ಸರಿ, ಅದನ್ನು ಇಟ್ಟುಕೊಳ್ಳುವುದೆಲ್ಲಿ?

ಅಂಗಡಿಯಲ್ಲಿ ಸಿಗುವ ಪೌಚುಗಳೆಲ್ಲ ಪ್ಯಾಂಟಿಗೆ ಬೆಲ್ಟು ಬಿಗಿಯುವ ಗಂಡಸರಿಗೆ. ದೊಡ್ಡಮ್ಮ ಉಡುವುದು ಇಳಕಲ್ ಸೀರೆ; ಮೇಲಾಗಿ ಅವರು ಎಡಚಿ. ಅಷ್ಟಕ್ಕೇ ಬಿಡುವವರೇ? ಮದುವೆಯಲ್ಲಿ ಕೊಟ್ಟ ಬೆಳ್ಳಿ ಡಾಬನ್ನು ಸೊಂಟಕ್ಕೆ ಕಟ್ಟಿ, ಅದಕ್ಕೇ ಪೌಚು ಸಿಕ್ಕಿಸಿಕೊಂಡರು. ಬಂಕಿಗೆ ಬಂದವರೆಲ್ಲ ಇವತ್ತು ಯಾರ ಮದುವೆ ಎಂದು ವಿಚಾರಿಸತೊಡಗಿದರು. ಗುಟ್ಟಾಗಿರಬೇಕಾದ ಆಯುಧಕ್ಕೆ ಇಷ್ಟು ಶೃಂಗಾರವೇ!

ಮುಂದಿನ ಸರದಿ ಕೆ.ಬಿ. ಬಡಾವಣೆಯ ಬ್ಲೌಸ್ ಟೈಲರನದು. ಅವನು ಉಸಿರು ಬಿಗಿಹಿಡಿದು ಪಿಸ್ತೂಲಿಗೆ ಟೇಪು ಸುತ್ತಿದ. ಸುತ್ತಿದ ಮೇಲೆ ಅಭ್ಯಾಸಬಲದಿಂದ, "ಲೈನಿಂಗ್ ಹಾಕ್ಲೇನ್ರಿ ಅಕ್ಕಾರೆ?" ಎಂದ. ದೊಡ್ಡಮ್ಮ ಸ್ಯಾಟಿನ್ನೇ ಹಾಕು ಎಂದರು. ಬ್ಲೌಸು ಬಿಗಿಯಾಯಿತೆಂದು ಹೆಂಗಸರಿಂದ ಬೈಸಿಕೊಂಡು ಸಾಕಾಗಿದ್ದ ಅವನು, ಕೈಗೆ ಬಂದದ್ದನ್ನೆಲ್ಲ ಒಂದು ಬೆರಳು ಸಡಿಲವಾಗಿಯೇ ಹೊಲಿಯುತ್ತಿದ್ದ. ಇದನ್ನೂ ಹಾಗೇ ಹೊಲಿದ.

ಸೆರಗಿನ ಮರೆಯಲ್ಲಿ, ಸೊಂಟದ ಮುಂದೆ, ಹಿಡಿ ಎಡಗೈ ಕಡೆ ಇರುವಂತೆ ಅಡ್ಡಡ್ಡ ಮಲಗುವ ಪೌಚು ಅದು. ದೊಡ್ಡಮ್ಮ ನನ್ನ ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತರೆ ನಳಿಗೆ ಸರಿಯಾಗಿ ನನ್ನ ಬೆನ್ನಿಗೆ. ಒಂದೊಂದು ಹಂಪು ಬಂದಾಗಲೂ ಬದುಕಿನಲ್ಲಿ ಮಾಡದೆ ಉಳಿದ ಕೆಲಸಗಳೆಲ್ಲ ನೆನಪಾಗುತ್ತಿದ್ದವು.

ಪಿಸ್ತೂಲು ಬಿದ್ದದ್ದು ಬೆಣ್ಣೆ ದೋಸೆ ಹೋಟೆಲಿನಲ್ಲಿ. ದೊಡ್ಡಮ್ಮ ಚಟ್ನಿಗೆ ಬಗ್ಗಿದರು. ಗುಂಡು ತುಂಬಿದ ಪಿಸ್ತೂಲು ಸ್ಯಾಟಿನ್ ಮೇಲೆ ಜಾರಿ, ನೆಲಕ್ಕೆ ಬಡಿದು, ಗಿರ್ರನೆ ತಿರುಗಿ, ಬಾಯಿ ನನ್ನ ಕಡೆ ಮಾಡಿ ನಿಂತಿತು. ಗುಂಡು ಹಾರಲಿಲ್ಲ. ನಡೆದದ್ದು ಇಷ್ಟೇ. ಹೋಟೆಲಿನವರೆಲ್ಲ ತಟ್ಟೆ ಬಿಟ್ಟು ಗೋಡೆಗೆ ಅಂಟಿಕೊಂಡರು. ದೊಡ್ಡಮ್ಮ ಅದನ್ನೆತ್ತಿ ಸೆರಗಿನಿಂದ ಒರೆಸಿ, "ದೋಸೆ ಆರಿ ಹೋಗ್ತೈತೆ, ತಿನ್ನೋ ತಮ್ಮಾ," ಎಂದರು. ತಿನ್ನುವುದು ಹೇಗೆ? ನಾನು ಮೇಜಿನ ಕೆಳಗಿದ್ದೆ! ಆವತ್ತಿನಿಂದ ಕಣ್ಣು ಮುಚ್ಚಿದರೆ ಸಾಕು, ಆ ಸಣ್ಣ ಕಪ್ಪು ತೂತು ನನ್ನನ್ನೇ ನೋಡುತ್ತದೆ.

ಮುಂದಿನ ವಾರ ಹರಿಹರಕ್ಕೆ ಹೋದೆವು. ಅಲ್ಲೊಬ್ಬ ಚಾಚಾ ಚರ್ಮದ ಬ್ಯಾಗು, ಬೆಲ್ಟು ಹೊಲಿಯುತ್ತಾರೆ. ದೊಡ್ಡಮ್ಮ ಗುಂಡು ತೆಗೆದು ಪಿಸ್ತೂಲು ಕೊಟ್ಟರು. ಚಾಚಾ ಅದರ ಮೇಲೆ ಒದ್ದೆ ಚರ್ಮ ಒತ್ತಿ, ಮೈಗಂಟುವಂತೆ ತೀಡಿದರು. ಇದನ್ನೂ ಅಡ್ಡಕ್ಕೇ ಹೊಲಿಯುವುದೇ ಎಂದು ಕೇಳಿದರು. ದೊಡ್ಡಮ್ಮ ಬೇಡವೆಂದು ತಲೆಯಾಡಿಸಿದರು.

"ಅಡ್ಡಾನೇ ಒಳ್ಳೇದು ಅಮ್ಮಾ. ನೆಟ್ಟಗೆ ಹೊಲಿದ್ರೆ ಕೂತಾಗೆಲ್ಲ ಬಾಯಿ ನಿಮ್ಮ ತೊಡೀಗೇ ಬರ್ತೈತೆ."

"ನನ್ನ ತೊಡೀಗೇ ಬರ್ಲಿ ಬಿಡ್ರಿ ಚಾಚಾ. ಅಡ್ಡ ಇಟ್ರೆ ಇವನ ಬೆನ್ನು ನೋಡ್ತೈತೆ. ಹೋಟೆಲಿನಾಗೆ ಬಿದ್ದಾಗಿಂದ ಹುಡುಗ ನಿದ್ದೇನೇ ಮಾಡಿಲ್ಲ."

ನಾನಿರುವುದು ವಿದ್ಯಾನಗರದ ರೂಮಿನಲ್ಲಿ, ಒಬ್ಬನೇ. ನಿದ್ದೆಯ ಸಂಗತಿ ಯಾರಿಗೂ ಹೇಳಿರಲಿಲ್ಲ. ಚಾಚಾ ಒಮ್ಮೆ ನನ್ನ ಮುಖ ನೋಡಿ, ಚರ್ಮವನ್ನು ನೆಟ್ಟಗೆ ತಿರುಗಿಸಿಕೊಂಡರು.