ರುಜು ಹಾಕಿದ್ದೂ ಹಾಕಿದ್ದೇ

ನಮ್ಮ ದೊಡ್ಡಪ್ಪ ಸತ್ತದ್ದು ಒಂದೇ ಸಲ. ಸಾಯಲು ತಯಾರಾದದ್ದು ಮಾತ್ರ ಇಪ್ಪತ್ತಮೂರು ಸಲ! ಹೊಳಲ್ಕೆರೆಯ ಬೇರೆ ಯಜಮಾನರಿಗೆ ಎಲೆಅಡಿಕೆ, ನಶ್ಯದ ಚಟವಿದ್ದರೆ ಇವರಿಗೆ ಉಯಿಲು ಬರೆಯುವ ಚಟ.

"ಕ್ರಯಪತ್ರಕ್ಕೆ ಛಾಪಾ ಕಾಗದ ಬೇಕು, ದಾನಪತ್ರಕ್ಕೂ ಬೇಕು. ಉಯಿಲಿಗೆ ಮಾತ್ರ ಬರೀ ಬಿಳೀ ಹಾಳೆ ಸಾಕು ಕಣಲೇ! ಮಹಾರಾಜರ ಸರ್ಕಾರ ಬಿಟ್ಟಿ ಕೊಟ್ಟಿರೋದು ಇದೊಂದೇ. ಬಿಡಾಕಾಗುತ್ತಾ?" ಎನ್ನುವರು. ಕೊತ್ತಂಬರಿ ಕಟ್ಟಿಗೂ ಅರ್ಧ ಗಂಟೆ ಚೌಕಾಸಿ ಮಾಡುವ ಮನುಷ್ಯ, ಬಿಟ್ಟಾರೆಯೇ?

ಹಿರಿಯ ಮಗ ಒಮ್ಮೆ ಕೇಳದೆ ಅವರ ಕೊಡೆ ಒಯ್ದ. ಸಂಜೆಗೆ ಹೊಸ ಉಯಿಲು: "ಸದರಿ ಕೊಡೆಯನ್ನು ಹಿರಿಯ ಮಗನು ಮುಟ್ಟತಕ್ಕದ್ದಲ್ಲ. ಮಳೆ ಬಂದಲ್ಲಿ ನೆನೆಯತಕ್ಕದ್ದು." ಕಿರಿಯವನ ಗೊರಕೆಯಿಂದ ನಿದ್ದೆ ಕೆಟ್ಟಾಗ ಅವನ ಪಾಲಿನ ಮಂಚ ರದ್ದಾಯಿತು. ಮನೆ ಮುಂದಿನ ಕಟ್ಟೆಯ ಮೇಲೆ ಬೆಳಗಿನ ಹೊತ್ತು ಕೂರುವ ಹಕ್ಕು ನನಗೆ ಬಂತು, ಎರಡು ವಾರದಲ್ಲಿ ಹೋಯಿತು. ಏಕೆ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ!

ಪ್ರತಿಯೊಂದನ್ನೂ ಗಾಡಿ ಕಟ್ಟಿಸಿಕೊಂಡು ಹೋಗಿ ನೋಂದಾಯಿಸಲೇಬೇಕು. ಕಚೇರಿಯ ಗುಮಾಸ್ತ ಒಂದು ದಿನ ಕೈ ಮುಗಿದೇಬಿಟ್ಟ. "ಯಜಮಾನ್ರೇ, ಬದುಕಿರೋರು ಇಷ್ಟು ಸಲ ಸಾಯಬಾರ್ದು ಕಣ್ರಿ!"

"ನಿಂಗೆ ಕೆಲ್ಸ ಕೊಡ್ತಿರೋದು ನಾನೇ, ಸುಮ್ನೆ ಬರ್ಕಳಪ್ಪ" ಎಂದರಂತೆ ಇವರು.

ಸಾಕ್ಷಿಗಳು ಯಾರು? ಇಬ್ಬರು ಗಂಡುಮಕ್ಕಳು ಮತ್ತು ತಮ್ಮನ ಮಗನಾದ ನಾನು. ನಾವು ಹೊಲಕ್ಕೆ ಹೊರಟಾಗಲೋ, ಮುದ್ದೆ ಮುರಿಯುವಾಗಲೋ ದೊಡ್ಡಪ್ಪ ಹಾಳೆ ಹಿಡಿದು ಎದುರಿಗೆ ನಿಲ್ಲುವರು. ಮೊದಮೊದಲು ಓದಿ ಜಗಳವಾಡಿದೆವು. ಆಮೇಲೆ ಯಾರಿಗೆ ಬೇಕು ಆ ಕೊಡೆ, ಮಂಚದ ಪುರಾಣ? ಕಣ್ಣು ಮುಚ್ಚಿ ರುಜು ಎಳೆದೆವು.

ಇವರಿಗೊಬ್ಬಳು ಮಗಳಿದ್ದಳು, ನನಗೆ ಅಕ್ಕ. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಒಲೆ ಮುಂದೆಯೇ ಇಪ್ಪತ್ತು ವರ್ಷ ಸವೆಸಿದವಳು. ಪಿತ್ರಾರ್ಜಿತದಲ್ಲಿ ಅವಳಿಗೆ ಪಾಲಿಲ್ಲ. ಅನ್ನ ಬಟ್ಟೆಗೂ ಅಣ್ಣತಮ್ಮಂದಿರ ಮುಖ ನೋಡಬೇಕು. ಹಿರೀ ಅತ್ತಿಗೆ ಒಂದಿನ ಗಂಡನಿಗೆ ಜೋರಾಗಿಯೇ ಹೇಳಿದಳು: "ಮಾವಯ್ಯ ಹೋದ್ಮೇಲೆ ಈಕೇನ ಯಾರು ಇಟ್ಕಳೋದು? ಈಗ್ಲೇ ಮಾತಾಡ್ಕಳ್ರಿ."

ಪಡಸಾಲೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ದೊಡ್ಡಪ್ಪನಿಗೆ ಕೇಳಿಸಿತೋ ಇಲ್ಲವೋ, ಲೋಟ ಇಟ್ಟು ಎದ್ದು ಹೋದರು. ಅಕ್ಕ ಮಾತ್ರ ಅವತ್ತು ಊಟ ಮಾಡಲಿಲ್ಲ.

ಮುಂದಿನ ವರ್ಷ ದೊಡ್ಡಪ್ಪ ತೀರಿಕೊಂಡರು. ಕಡೆಯ ಉಯಿಲು ತೆಗೆದರೆ ಕೊಡೆಯೂ ಇಲ್ಲ, ಮಂಚವೂ ಇಲ್ಲ! ಕಂಬಳಿ ವ್ಯಾಪಾರದಲ್ಲಿ ತಾವೇ ದುಡಿದು ಕೊಂಡಿದ್ದ ಚಿಕ್ಕಜಾಜೂರಿನ ಮನೆ, ಅದರ ಹಿಂದಿನ ಬಾವಿ ತೋಟ ಪೂರ್ತಾ ಮಗಳಿಗೆ.

ಅಣ್ಣಂದಿರು ಉರಿದುಬಿದ್ದು ದುರ್ಗದ ವಕೀಲರ ಹತ್ತಿರ ಓಡಿದರು. ನನ್ನನ್ನೂ ಎಳೆದುಕೊಂಡು ಹೋದರು.

"ನಮ್ಮಪ್ಪಂಗೆ ತಲೆ ಕೆಟ್ಟಿತ್ತು ಸ್ವಾಮಿ. ಊರಿಗೇ ಗೊತ್ತೈತೆ!"

ವಕೀಲರು ಹಾಳೆ ತಿರುವಿದರು. "ಸ್ವಸ್ಥ ಚಿತ್ತದಿಂದ ನಮ್ಮೆದುರು ಬರೆದಿದ್ದಾರೆ ಅಂತ ಸಾಕ್ಷಿ ಹಾಕಿರೋರು ಯಾರ್ರಿ ಇವ್ರು?"

ಕೆಳಗಿದ್ದ ಮೂರು ರುಜುಗಳೂ ನಮ್ಮವೇ! ಇಪ್ಪತ್ತೆರಡು ಸಲ ನಮ್ಮ ಕೈಗೆ ಚಾಳಿ ಹಿಡಿಸಿ, ಇಪ್ಪತ್ತಮೂರನೆಯದಕ್ಕೆ ಕೆಲಸ ಮುಗಿಸಿದ್ದರು ಪುಣ್ಯಾತ್ಮರು! ಇವರನ್ನು ಹುಚ್ಚರೆಂದು ನಕ್ಕಿದ್ದ ನನಗೆ ನಾಚಿಕೆಯಾಯಿತು.

ಊರಿಗೆ ಬಂದು ಅಕ್ಕನಿಗೆ ಉಯಿಲು ಓದಲು ಕೂತೆ. ಅವಳಿಗೆ ಅಕ್ಷರ ಬಾರದು. ಎರಡು ಸಾಲು ಓದುವಷ್ಟರಲ್ಲಿ ತಡೆದಳು.

"ಮನೆ ವಿಷ್ಯ ಆಮೇಲೆ ಓದೀಯಂತೆ. ಅಪ್ಪಯ್ಯನೇ ಬರೆದದ್ದಾ ಇದು?"

"ಹೂಂ, ಅವರದೇ ಕೈ."

"ನನ್ ಹೆಸ್ರು ಎಲ್ಲೈತೆ? ತೋರ್ಸು."

ತೋರಿಸಿದೆ. ಸೆರಗಿಗೆ ಕೈ ಒರೆಸಿಕೊಂಡು ಅದರ ಮೇಲೆ ಮೆಲ್ಲಗೆ ಬೆರಳಿಟ್ಟಳು. ಹಾಲು ಉಕ್ಕಿ ಒಲೆಗೆ ಬಿತ್ತು, ಅತ್ತಿಗೆ ಒಳಗಿಂದ ಕೂಗಿದಳು. ಅಕ್ಕ ಏಳಲಿಲ್ಲ.