ಉಕ್ಕದ ಹಾಲು, ಬಿಚ್ಚದ ಶೂ

ನನಗೊಂದು ಚಟವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲವರಿಗೆ ಕಾಫಿ, ಕೆಲವರಿಗೆ ಧಾರಾವಾಹಿ, ನನಗೆ ಪಟ್ಟಿ. ಏನೇ ಕೆಲಸ ಬಂದರೂ ಅದರ ಪಟ್ಟಿ ಮಾಡುವ ತನಕ ನನಗೆ ಕೈಕಾಲು ಆಡುವುದಿಲ್ಲ. ಮದುವೆಯ ಹಿಂದಿನ ದಿನ ಅರಿಶಿನ ಹಚ್ಚಿಸಿಕೊಳ್ಳಲು ಕೂತಾಗಲೂ ಕೈಯಲ್ಲೊಂದು ಪಟ್ಟಿ ಹಿಡಿದಿದ್ದೆನೆಂದು ನನ್ನ ಗಂಡ ಶ್ರೀಕಂಠ ಇಂದಿಗೂ ಕಂಡಕಂಡವರಿಗೆಲ್ಲ ಹೇಳುತ್ತಾನೆ. ಆ ಪಟ್ಟಿಯಲ್ಲಿ ತನ್ನ ಹೆಸರು ಬಾಳೆಕಂದಿಗೂ ಶಾಮಿಯಾನಕ್ಕೂ ನಡುವೆ ಇತ್ತು ಅನ್ನುವುದು ಅವನು ಸೇರಿಸಿಕೊಂಡ ಒಗ್ಗರಣೆ. ಶಾಮಿಯಾನ ಎಲ್ಲಕ್ಕಿಂತ ಮೇಲಿತ್ತು, ನನಗೆ ಚೆನ್ನಾಗಿ ನೆನಪಿದೆ. ಹೊಟ್ಟೆಪಾಡೂ ಅದೇ ಆಗಿಹೋಯಿತು. ಕಾರುಗಳು ಗೋಡೆಗೆ ಗುದ್ದುವ ಮುಂಚೆ ತಾವಾಗಿಯೇ ನಿಲ್ಲುವಂತೆ ಮಾಡುವ ಸಾಫ್ಟ್‌ವೇರನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಏನೇನು ಎಡವಟ್ಟಾಗಬಹುದು ಎಂದು ಬೆಳಗಿನಿಂದ ಸಂಜೆಯವರೆಗೆ ಪಟ್ಟಿ ಮಾಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಇಂಥವಳು ಒಂದು ಮನೆಯನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸಲಾರಳೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಕೇಳಿಕೊಂಡಿದ್ದೆ.

ಹನ್ನೊಂದು ವರ್ಷ ನಾವಿದ್ದದ್ದು ಟೋಕಿಯೋದಲ್ಲಿ. ಆಫೀಸು ಅದೇ ಊರಿನ ಮಿನಾಟೋದಲ್ಲಿ. ಫೆಬ್ರವರಿಯ ಒಂದು ದಿನ ನಮ್ಮ ಮ್ಯಾನೇಜರ್ ಕಟೋ ಸಾನ್ ನನ್ನನ್ನು ಕರೆದು, ಏಪ್ರಿಲ್‌ನಿಂದ ನೀವು ನಗೋಯಾದ ಕಡೆಗೆ ಎಂದರು. ನಗೋಯಾ ಕೂಡ ಅಲ್ಲ, ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ ಒಕಜಾಕಿ. ಟೋಕಿಯೋದವರು ಆ ಹೆಸರು ಕೇಳಿ "ಓ, ಮಿಸೋ ಚೆನ್ನಾಗಿರುತ್ತೆ" ಎಂದು, ಸಾರಿಗೆ ಹಾಕುವ ಅಲ್ಲಿನ ಸೋಯಾ ಮುದ್ದೆಯನ್ನು ಹೊಗಳಿ ಸುಮ್ಮನಾಗುತ್ತಾರೆ. ಊರಿನ ಬಗ್ಗೆ ಹೇಳಲು ಬೇರೇನೂ ತೋಚದಿದ್ದಾಗ ನಾವು "ನೀರು ಚೆನ್ನಾಗಿದೆ" ಅನ್ನುವುದಿಲ್ಲವೇ, ಹಾಗೆ. ಕಟೋ ಸಾನ್ ಮುಂದುವರಿಸಿ, "ತಾನ್‌ಶಿನ್ ಫುನಿನ್ ತಾನೇ? ಒಬ್ಬರಿಗಾಗುವ ಕೋಣೆ ನೋಡಲು ಹೇಳಲೇ?" ಎಂದು ಕೇಳಿದರು. ಇದು ಇಲ್ಲಿನ ಪದ್ಧತಿ. ವರ್ಗವಾದವರು ಒಂದು ಸೂಟ್‌ಕೇಸ್ ಹಿಡಿದು ಒಬ್ಬರೇ ಹೋಗುತ್ತಾರೆ. ಸಂಸಾರ, ಮಕ್ಕಳ ಶಾಲೆ ಎಲ್ಲವೂ ಇದ್ದಲ್ಲೇ ಇರುತ್ತವೆ. ತಿಂಗಳಿಗೆರಡು ಸಲ ಆ ಊರಿನ ಸಿಹಿತಿಂಡಿಯ ಡಬ್ಬಿಯೊಡನೆ ಮನೆಗೆ ಬಂದು, ನೆಂಟರಂತೆ ಇದ್ದು ಹೋಗುತ್ತಾರೆ. ನನಗೆ ರೇಗಿತು. "ನಮ್ಮಲ್ಲಿ ಹಾಗಿಲ್ಲ ಕಟೋ ಸಾನ್. ಹೋದರೆ ಮನೆಮಂದಿಯೆಲ್ಲ ಹೋಗುತ್ತೇವೆ" ಎಂದು, ಇಡೀ ಭಾರತೀಯ ಸಂಸ್ಕೃತಿಯನ್ನು ಹೆಗಲ ಮೇಲೆ ಹೊತ್ತವಳಂತೆ ಹೇಳಿದೆ. ಮನೆಮಂದಿ ಎಂದರೆ ಇಬ್ಬರು, ಆ ಇಬ್ಬರನ್ನು ನಾನಿನ್ನೂ ಕೇಳಿರಲಿಲ್ಲ.

ಶ್ರೀಕಂಠನದೇನೂ ತೊಂದರೆಯಿರಲಿಲ್ಲ. ಅವನು ಮನೆಯಲ್ಲೇ ಕೂತು ಯಂತ್ರಗಳ ಕೈಪಿಡಿಗಳನ್ನು ಜಪಾನಿಯಿಂದ ಇಂಗ್ಲಿಷಿಗೆ ಅನುವಾದ ಮಾಡುವವನು. ಇಂಟರ್ನೆಟ್ ಇದ್ದರೆ ಬಾವಿಯೊಳಗೂ ಬದುಕುತ್ತಾನೆ. ತೊಂದರೆಯಿದ್ದದ್ದು ಮಗಳು ಇಂಚರಳದು. ಹುಟ್ಟಿದ್ದು ಬೆಳೆದದ್ದು ಎಲ್ಲ ಟೋಕಿಯೋದಲ್ಲಿ, ಆಗ ಹತ್ತು ತುಂಬಿತ್ತು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬೈಗುಳ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ, ಆದರೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಇಲ್ಲವೇ ಜಪಾನಿಯಲ್ಲಿ. ವಿಷಯ ತಿಳಿಸಿದ ಕೂಡಲೇ, "ಮಮ್ಮಿ, ವೈ ಡೋಂಟ್ ಯೂ ಡೂ ತಾನ್‌ಶಿನ್ ಫುನಿನ್? ಮಿಸಾಕಿಚಾನ್ಸ್ ಡ್ಯಾಡ್ ಡಸ್ ಇಟ್. ಹೀ ಬ್ರಿಂಗ್ಸ್ ಕೇಕ್" ಎಂದು ಗೆಳತಿಯ ಅಪ್ಪನ ಉದಾಹರಣೆ ಕೊಟ್ಟಳು. ಹೆತ್ತ ತಾಯಿಯನ್ನು ಕೇಕಿಗೆ ಬದಲಾಯಿಸಿಕೊಳ್ಳಲು ಹೊರಟವಳಿಗೆ ಏನು ಹೇಳುವುದು? ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಶ್ರೀಕಂಠ ನನಗೆ ಗೊತ್ತಿಲ್ಲದೆ ಅವಳೊಡನೆ ರಾಜಿ ಮಾಡಿಕೊಂಡಿದ್ದ: "ಹೊಸ ಮನೆಗೆ ಒಂದ್ಸಲ ಬಂದು ನೋಡು ಪುಟ್ಟಾ. ಅಲ್ಲಿ ನಿಂತ್ಕೊಂಡು ಬೇಡ ಅಂದ್ರೆ, ನಾವಿಬ್ರೂ ಟೋಕಿಯೋಗೇ ವಾಪಸ್ ಬಂದು ಚಿಕ್ಕ ಮನೆ ಹಿಡಿಯೋಣ." ಅದು ತಿಳಿದಾಗ ನನಗೆ ಭೂಮಿ ಬಾಯಿಬಿಟ್ಟಂತಾಯಿತು. ಸೂಟ್‌ಕೇಸ್ ಹಿಡಿದು ತಿಂಗಳಿಗೆರಡು ಸಲ ಮಿಸೋ ಡಬ್ಬಿಯೊಡನೆ ಮನೆಗೆ ಬರುವ ನೆಂಟರ ಸಾಲಿಗೆ ನಾನೂ ಸೇರುವುದಿತ್ತು. ಮಗಳಿಲ್ಲದ ಮನೆಯಲ್ಲಿ ನಾನೊಬ್ಬಳೇ ಅನ್ನ ಮಾಡಿಕೊಳ್ಳುವುದನ್ನು ನೆನೆದರೆ ಸಂಕಟವಾಗುತ್ತಿತ್ತು. ಆದ್ದರಿಂದ ನಾನು ಗೊತ್ತಿದ್ದದ್ದನ್ನೇ ಮಾಡಿದೆ: ಅರವತ್ತಮೂರು ಸಾಲುಗಳ ಒಂದು ಪಟ್ಟಿ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಜಪಾನಿನಲ್ಲಿ ಒಂದು ಸೋಫಾ ಎಸೆದು ನೋಡಿರಲಿಲ್ಲ. ಇಲ್ಲಿ ಹಳೆಯ ಸೋಫಾ ಎಸೆಯಬೇಕಾದರೆ ವಾರಗಳ ಮುಂಚೆ ಫೋನ್ ಮಾಡಿ, ದಿನ ಗೊತ್ತುಮಾಡಿ, ಚೀಟಿ ತಂದು ಅಂಟಿಸಿ, ಹೇಳಿದ ದಿನ ಬೆಳಗ್ಗೆ ಹೇಳಿದ ಜಾಗದಲ್ಲಿ ಇಡಬೇಕು. ಹೆಣ್ಣು ನೋಡುವ ಶಾಸ್ತ್ರಕ್ಕೂ ನಮ್ಮಲ್ಲಿ ಇಷ್ಟು ಏರ್ಪಾಡಿರುವುದಿಲ್ಲ. ಸಾಮಾನು ಲೆಕ್ಕ ಹಾಕಲು ಬಂದ ಸಾಗಣೆಯವನು ನಮ್ಮ ವೆಟ್ ಗ್ರೈಂಡರನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡ. ಇದೇನೆಂದು ಕೇಳಿದ. ಅಡುಗೆಯ ಯಂತ್ರ ಎಂದೆ. ಮುಚ್ಚಳ ತೆಗೆದು ಇಣುಕಿದವನು ನನ್ನನ್ನೊಮ್ಮೆ ನೋಡಿ, ತನ್ನ ಫಾರ್ಮಿನಲ್ಲಿ "ಕಲ್ಲು, ಒಂದು" ಎಂದು ಬರೆದುಕೊಂಡ. ಇಷ್ಟೆಲ್ಲದರ ನಡುವೆಯೂ ನನ್ನ ಪಟ್ಟಿ ಒಂದೊಂದೇ ಸಾಲು ಸರಿ ಗುರುತು ಹಾಕಿಸಿಕೊಳ್ಳುತ್ತ ಸಾಗಿತ್ತು. ಮನೆಯನ್ನಂತೂ ಕಂಪ್ಯೂಟರಿನಲ್ಲೇ ಅಳೆದು ತೂಗಿ ಆರಿಸಿದ್ದೆ. ಶಾಲೆಗೆಷ್ಟು ದೂರ, ಸ್ಟೇಷನ್ನಿಗೆಷ್ಟು, ಬಾಲ್ಕನಿಗೆ ಬಿಸಿಲು ಎಷ್ಟು ಹೊತ್ತು, ಪ್ರವಾಹದ ನಕ್ಷೆಯಲ್ಲಿ ಬಣ್ಣ ಯಾವುದು, ಎಲ್ಲವನ್ನೂ ನೋಡಿದ್ದೆ. ಒಲೆಯೊಂದನ್ನು ನೋಡಿರಲಿಲ್ಲ.

ಮೈಸೂರಿನಲ್ಲಿರುವ ನಮ್ಮ ಅತ್ತೆ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ನಿವೃತ್ತಿಯಾಗಿದ್ದು ಶಾಲೆಯಿಂದ ಮಾತ್ರ. ವಿಡಿಯೋ ಕಾಲಿನಲ್ಲಿ ಪಂಚಾಂಗ ಹಿಡಿದು, "ನೋಡು ವಸುಧಾ, ಶನಿವಾರ ಒಂಬತ್ತರಿಂದ ರಾಹುಕಾಲ. ಅಷ್ಟರೊಳಗೆ ಹಾಲು ಉಕ್ಕಿಸ್ಬಿಡಿ. ಉಕ್ಕಿಸ್ದೆ ಒಂದು ಸಾಮಾನೂ ಒಳಗೆ ತರ್ಕೂಡ್ದು" ಎಂದರು. ಯಾವ ಊರಿನ ಒಂಬತ್ತು ಅತ್ತೆ ಎಂದು ಕೇಳಿದೆ. "ನಿಮ್ಮ ಸೂರ್ಯ ನಿಮ್ಗೆ, ನಮ್ಮ ಸೂರ್ಯ ನಮ್ಗೆ ಕಣಮ್ಮಾ. ಅಲ್ಲಿದೇ ಟೈಮು." ಆಗ ಪಕ್ಕದಲ್ಲಿ ಕೂತಿದ್ದ ಇಂಚರ ತಲೆಯೆತ್ತಿ, ಅಪರೂಪಕ್ಕೆ ಕನ್ನಡದಲ್ಲೇ, "ಅಜ್ಜಿ, ಉಕ್ಕಲಿಲ್ಲ ಅಂದ್ರೆ?" ಎಂದು ಕೇಳಿದಳು. ಮೊಮ್ಮಗಳ ಬಾಯಲ್ಲಿ ಕನ್ನಡ ಕೇಳಿದ ಸಂತೋಷದಲ್ಲಿ ಅತ್ತೆ ಹಿಂದುಮುಂದು ನೋಡದೆ, "ಉಕ್ಕಲಿಲ್ಲ ಅಂದ್ರೆ ಆ ಮನೆ ನಮಗಲ್ಲ ಅಂತ ಬಂಗಾರಿ. ವಾಪಸ್ ಬರ್ಬೇಕಷ್ಟೆ" ಎಂದುಬಿಟ್ಟರು. ನಾನು ಆ ಹೊತ್ತಿನಲ್ಲಿ ಪಟ್ಟಿಯ ನಲವತ್ತೆರಡನೆಯ ಸಾಲಿಗೆ "ಹಾಲು, ಒಂದು ಲೀಟರ್" ಎಂದು ಸೇರಿಸುತ್ತಿದ್ದೆ. ಮಗಳ ಮುಖ ನೋಡಬೇಕಿತ್ತು, ನೋಡಲಿಲ್ಲ.

ಮಾರ್ಚ್ ಕೊನೆಯ ಶನಿವಾರ ಬೆಳಗ್ಗೆ ಎಂಟಕ್ಕೆ, ದಿನವಿಡೀ ತೆರೆದಿರುವ ಕೊಂಬಿನಿ ಅಂಗಡಿಯಲ್ಲಿ ಕೊಂಡ ಹಾಲಿನ ಪೊಟ್ಟಣದೊಡನೆ ಹೊಸ ಮನೆಯ ಬಾಗಿಲು ತೆರೆದೆವು. ಲಾರಿ ಬರುವುದು ಹತ್ತಕ್ಕೆ. ಇಲ್ಲಿನ ಲಾರಿ ಹತ್ತು ಎಂದರೆ ಹತ್ತಕ್ಕೇ ಬಂದು ನಿಲ್ಲುತ್ತದೆ, ನಮ್ಮಂತೆ "ಹತ್ತಿರ ಬಂದ್ವಿ ಮೇಡಂ" ಅನ್ನುವ ಸೌಲಭ್ಯವಿಲ್ಲ. ಬಲಗಾಲಿಟ್ಟು ಒಳಗೆ ಹೋಗಿ ತಿರುಗಿ ನೋಡಿದರೆ ಇಂಚರ ಬಾಗಿಲ ಬಳಿಯ ತಗ್ಗಿನಲ್ಲಿ, ಶೂ ಬಿಚ್ಚುವ ಜಾಗದಲ್ಲಿ, ಬೆನ್ನಿಗೆ ಬ್ಯಾಗ್ ಏರಿಸಿಕೊಂಡೇ ಕೂತಿದ್ದಾಳೆ. ಶೂ ಬಿಚ್ಚಿಲ್ಲ. ಈ ದೇಶದಲ್ಲಿ ಶೂ ಬಿಚ್ಚದವರು ಮನೆಯೊಳಗೆ ಬಂದಂತೆ ಲೆಕ್ಕವಿಲ್ಲ, ಅದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. "ಬಾ ಪುಟ್ಟಾ" ಎಂದೆ. "ಐ ವಿಲ್ ವೇಟ್ ಫಾರ್ ದ ಮಿಲ್ಕ್" ಎಂದಳು.

ಅಡುಗೆಮನೆಯಲ್ಲಿದ್ದದ್ದು ಬೆಂಕಿಯಿಲ್ಲದ ಒಲೆ. ಕನ್ನಡಿಯಂಥ ಕರಿಯ ಗಾಜು, ಒಳಗೆ ವಿದ್ಯುತ್ತು. ಅತ್ತೆ ಕೊಟ್ಟಿದ್ದ ಹಿತ್ತಾಳೆ ಪಾತ್ರೆಯನ್ನು ಅದು ಪಾತ್ರೆಯೆಂದೇ ಒಪ್ಪಲಿಲ್ಲ. ಪೀ ಎಂದು ಕೂಗಿ ಸುಮ್ಮನಾಯಿತು. ಕಾಫಿಗೆಂದು ಕೈಚೀಲದಲ್ಲಿಟ್ಟಿದ್ದ ಸ್ಟೀಲ್ ಪಾತ್ರೆಗೆ ಹಾಲು ಸುರಿದಿಟ್ಟೆ. ಮೈಸೂರಿನಲ್ಲಿ ಮುಂಜಾನೆ ಐದು ಗಂಟೆಯೂ ಆಗಿರಲಿಲ್ಲ, ಅತ್ತೆ ಆಗಲೇ ಸ್ನಾನ ಮಾಡಿ ಕುಂಕುಮವಿಟ್ಟುಕೊಂಡು ಫೋನಿನೊಳಗೆ ಹಾಜರ್. ಹಾಲು ಕಾದು, ಕೆನೆ ಕಟ್ಟಿ, ಅಂಚಿನವರೆಗೆ ಏರಿತು. ನಾನು ಕೈಮುಗಿದೆ. ಆಗ ಒಲೆಯೊಳಗಿಂದ ಒಬ್ಬ ಹೆಂಗಸು ಅತಿ ವಿನಯದ ಜಪಾನಿಯಲ್ಲಿ, ಉಕ್ಕುವ ಸೂಚನೆ ಕಂಡದ್ದರಿಂದ ಬಿಸಿ ನಿಲ್ಲಿಸಲಾಗಿದೆ ಎಂದು ಹೇಳಿದಳು. ಹಾಲು ಹಾಗೆಯೇ ತಗ್ಗಿ ತಳ ಸೇರಿತು. ಮತ್ತೆ ಹಚ್ಚಿದೆ, ಮತ್ತೆ ಏರಿತು, ಮತ್ತೆ ಆ ಮಹಾತಾಯಿ ನಿಲ್ಲಿಸಿದಳು. ಮೂರನೆಯ ಸಲ ಅಂಚಿನವರೆಗೂ ಹಾಲು ತುಂಬಿಸಿದೆ. ಮೂರನೆಯ ಸಲವೂ ಅದೇ ವಿನಯ. "ಏನಮ್ಮಾ ಅದು, ಯಾರು ಮಾತಾಡೋದು?" ಎಂದರು ಅತ್ತೆ. ಒಲೆ ಎಂದೆ. "ಒಲೆಗ್ಯಾಕೆ ನಮ್ಮನೆ ವಿಷ್ಯ!" ಶ್ರೀಕಂಠ ತನ್ನ ವೃತ್ತಿಧರ್ಮ ಬಿಡದೆ ಮೂಲೆಯಲ್ಲಿ ನಿಂತು ಒಲೆಯ ಕೈಪಿಡಿ ಓದುತ್ತಿದ್ದ. "ತುಂಬಾ ಚೆನ್ನಾಗಿ ಡಿಸೈನ್ ಮಾಡಿದಾರೆ ಕಣೇ. ಈ ಸೇಫ್ಟೀನ ಆಫ್ ಮಾಡೋಕೇ ಆಗಲ್ವಂತೆ" ಎಂದ. ಎಲ್ಲಿತ್ತೋ ಸಿಟ್ಟು, ಯಾವ ಅವಿವೇಕಿ ಇಂಥದನ್ನು ಮಾಡಿದ, ಜನ ಏನು ಮಾಡಬೇಕೆಂದಿದ್ದಾರೆ ಎಂದು ಕೇಳುವ ಸೌಜನ್ಯ ಬೇಡವೇ ಎಂದು ಕೂಗಾಡಿದೆ. ಶ್ರೀಕಂಠ ಕೈಪಿಡಿಯಿಂದ ತಲೆಯೆತ್ತಿ ನನ್ನನ್ನೇ ನೋಡಿದ. ಅನಾಹುತಕ್ಕೆ ಒಂದು ಕ್ಷಣ ಮುಂಚೆ ಯಾರನ್ನೂ ಕೇಳದೆ ನಿಲ್ಲಿಸಿಬಿಡುವ ಯಂತ್ರಗಳನ್ನು ಹದಿನಾಲ್ಕು ವರ್ಷಗಳಿಂದ ಪಾಸು ಮಾಡುತ್ತಿರುವವಳು ನಾನೇ. ಬಾಗಿಲ ಕಡೆಯಿಂದ "ಈವನ್ ದ ಸ್ಟೋವ್ ಈಸ್ ಸೇಯಿಂಗ್ ನೋ" ಎಂದು ಇಂಚರಳ ದನಿ ಬಂತು. ಅದರಲ್ಲಿ ತುಂಟತನವಿರಲಿಲ್ಲ, ಆಸೆಯಿತ್ತು. ಗಂಟೆ ಎಂಟೂ ಮುಕ್ಕಾಲು ಆಗುತ್ತ ಬಂದಿತ್ತು.

ಶ್ರೀಕಂಠನಿಗೇ ಹೊಳೆಯಿತು. ಚಳಿಗಾಲದಲ್ಲಿ ಊಟದ ಮೇಜಿನ ಮೇಲೆ ಸಾರು ಕುದಿಸಲು ಇಲ್ಲಿನವರ ಮನೆಗಳಲ್ಲಿ ಡಬ್ಬಿ ಗ್ಯಾಸಿನ ಪುಟ್ಟ ಒಲೆ ಇರುತ್ತದೆ. ಕೆಳಗಿನ ಮನೆಯವರನ್ನು ಕೇಳಬಹುದು. ಹೇಗೂ ಹೊಸದಾಗಿ ಬಂದವರು ಅಕ್ಕಪಕ್ಕದವರಿಗೊಂದು ಟವೆಲ್ ಕೊಟ್ಟು, ಗಲಾಟೆಯಾಗುತ್ತದೆ, ಕ್ಷಮಿಸಿ ಎಂದು ಹೇಳಿ ಬರುವುದು ರೂಢಿ. ಟವೆಲ್ ಪಟ್ಟಿಯಲ್ಲಿತ್ತು, ಚೀಲದಲ್ಲೂ ಇತ್ತು. ಆದರೆ ನನ್ನದು ಆಫೀಸಿನ ಜಪಾನಿ, ಶ್ರೀಕಂಠನದು ಕೈಪಿಡಿಯ ಜಪಾನಿ. ಪರಿಚಯವೇ ಇಲ್ಲದವರ ಬಾಗಿಲು ತಟ್ಟಿ, ಬೇಕೆಂದೇ ಹಾಲು ಚೆಲ್ಲುವುದಿದೆ, ಅದೂ ಒಂಬತ್ತರೊಳಗೆ, ಒಲೆ ಕೊಡಿ ಎಂದು ಮರ್ಯಾದೆಯಾಗಿ ಕೇಳಲು ಇಬ್ಬರಿಗೂ ಬರುವುದಿಲ್ಲ. ಬರುವವಳು ಒಬ್ಬಳೇ, ಅವಳು ಶೂ ಹಾಕಿಕೊಂಡೇ ಕೂತಿದ್ದಳು.

ಅವಳೆದುರು ಹೋಗಿ ಕುಕ್ಕರಗಾಲಲ್ಲಿ ಕೂತೆ. "ಇಂಚೂ, ಕೆಳಗಿನ ಮನೆಯವರನ್ನ ಒಂದ್ಮಾತು ಕೇಳ್ತೀಯಾ? ಇಷ್ಟ ಇಲ್ಲದಿದ್ರೆ ಬೇಡ" ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಯೂ ಆರ್ ಆಸ್ಕಿಂಗ್ ಮೀ?" ಎಂದಳು. "ಫಸ್ಟ್ ಟೈಮ್." ನನ್ನ ಕೈಯಲ್ಲಿದ್ದ ಪಟ್ಟಿಯತ್ತ ಗಲ್ಲದಿಂದಲೇ ಸನ್ನೆ ಮಾಡಿದಳು. ಅರವತ್ತಮೂರು ಸಾಲುಗಳಲ್ಲಿ ಅವಳ ಹೆಸರಿದ್ದದ್ದು ಒಂದೇ ಕಡೆ, ವಾಷಿಂಗ್ ಮೆಷಿನ್ನಿಗೂ ಇಂಟರ್ನೆಟ್ಟಿಗೂ ನಡುವೆ: ಇಂಚರ, ಶಾಲೆ ವರ್ಗಾವಣೆ ಪತ್ರ. ಅವಳು ಟವೆಲ್ ತೆಗೆದುಕೊಂಡು ಕೆಳಗಿಳಿದು ಹೋದಳು.

ಕೆಳಗೆ ಏನು ಮಾತಾಯಿತೋ, ಐದು ನಿಮಿಷದಲ್ಲಿ ಹಯಾಶಿ ಸಾನ್ ಎಂಬ ಎಪ್ಪತ್ತರ ಆಸುಪಾಸಿನ ಹೆಂಗಸು ಒಲೆ, ಹಳೆಯ ಪತ್ರಿಕೆಗಳು, ನಾಲ್ಕು ಒರೆಸುಬಟ್ಟೆಗಳೊಡನೆ ಮೆಟ್ಟಿಲು ಹತ್ತಿ ಬಂದರು. ನನಗೊಮ್ಮೆ, ಫೋನಿನೊಳಗಿದ್ದ ಅತ್ತೆಗೊಮ್ಮೆ ಬಾಗಿ ನಮಸ್ಕರಿಸಿದರು. ಅತ್ತೆಯೂ ಬಾಗಿದ್ದರಿಂದ ಪರದೆಯ ತುಂಬ ಅವರ ಬೈತಲೆ ಕಾಣಿಸಿತು. ಇಂಚರ ಮತ್ತೆ ತನ್ನ ಜಾಗದಲ್ಲೇ ಕೂತಳು. ಶ್ರೀಕಂಠ ಫೋನಿನಲ್ಲಿ ಪೂರ್ವ ದಿಕ್ಕು ನೋಡಿ ಒಲೆ ಇಟ್ಟ. ಈ ಸಲ ಹಿತ್ತಾಳೆ ಪಾತ್ರೆ, ನಿಜವಾದ ನೀಲಿ ಬೆಂಕಿ. ಒಂಬತ್ತಕ್ಕೆ ನಾಲ್ಕು ನಿಮಿಷವಿರುವಾಗ ಹಾಲು ಏರತೊಡಗಿತು. ಅಂಚು ಮುಟ್ಟಿತು, ಗುಮ್ಮಟ ಕಟ್ಟಿತು, ಇನ್ನೇನು ಅನ್ನುವಷ್ಟರಲ್ಲಿ, ಐವತ್ತು ವರ್ಷ ಅಡುಗೆ ಮಾಡಿದ ಹಯಾಶಿ ಸಾನ್ ಅವರ ಕೈ ತಾನಾಗಿಯೇ ಒಲೆಯ ಗುಂಡಿಗೆ ಹೋಯಿತು. ಹಾಲು ಉಕ್ಕುತ್ತಿದ್ದರೆ ಯಾವ ದೇಶದ ಹೆಂಗಸಾದರೂ ಅದನ್ನೇ ಮಾಡುವುದು. ನಾನು ಬಾಯಿ ತೆರೆದೆ, ಯಾವ ಭಾಷೆಯೂ ಬರಲಿಲ್ಲ. "ದಮೆ!" ಎಂದು ಹಿಂದಿನಿಂದ ಒಂದು ಕಿರುಚು. ಇಂಚರ ಓಡಿಬಂದು ಬೇಡ ಬೇಡ ಎನ್ನುತ್ತ ಹಯಾಶಿ ಸಾನ್ ಅವರ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಹಾಲು ಪೂರ್ವಕ್ಕೆ, ದಕ್ಷಿಣಕ್ಕೆ, ಪತ್ರಿಕೆಗಳ ಮೇಲೆ, ನನ್ನ ಕಾಲಿನ ಮೇಲೆ, ಎಲ್ಲ ಕಡೆಗೂ ಉಕ್ಕಿ ಹರಿಯಿತು. ಫೋನಿನಲ್ಲಿ ಅತ್ತೆ ಚಪ್ಪಾಳೆ ತಟ್ಟಿದರು. ಹಯಾಶಿ ಸಾನ್ ಕೂಡ ತಟ್ಟಿದರು, ಯಾಕೆಂದು ತಿಳಿಯದಿದ್ದರೂ. ನಾನು ಬಾಗಿಲ ಕಡೆ ನೋಡಿದೆ. ಅವಸರದಲ್ಲಿ ಕಿತ್ತೆಸೆದ ಎರಡು ಪುಟ್ಟ ಶೂಗಳಲ್ಲಿ ಒಂದು ಬೋರಲು ಬಿದ್ದಿತ್ತು. ನನ್ನ ಕಣ್ಣು ತುಂಬಿ ಬಂತು. ಹೊಗೆಗೆ ಎಂದೆ. ಹೊಗೆ ಇರಲಿಲ್ಲ.

ಹಯಾಶಿ ಸಾನ್‌ಗೆ ಏನು ಹೇಳಿ ಕರೆತಂದೆ ಎಂದು ಎಷ್ಟು ಕೇಳಿದರೂ ಇಂಚರ ಬಾಯಿ ಬಿಡಲಿಲ್ಲ. ತಿಂಗಳಾದ ಮೇಲೆ ಹಯಾಶಿ ಸಾನ್ ಅವರೇ ಹೇಳಿದರು: "ನಮ್ಮಮ್ಮ ಯಾವತ್ತೂ ಏನೂ ಚೆಲ್ಲುವುದಿಲ್ಲ. ಇವತ್ತೊಂದು ದಿನ ಚೆಲ್ಲಬೇಕಂತೆ, ಹೇಗೆಂದು ಅವಳಿಗೆ ಗೊತ್ತಾಗುತ್ತಿಲ್ಲ, ದಯವಿಟ್ಟು ಸಹಾಯ ಮಾಡಿ" ಎಂದಿದ್ದಳಂತೆ.

ಇದೆಲ್ಲ ಆಗಿ ಹತ್ತಿರ ಹತ್ತಿರ ಒಂದು ವರ್ಷ. ಈಗ ಇಂಚರಳ ಸಂಜೆಗಳೆಲ್ಲ ಕೆಳಗಿನ ಮನೆಯಲ್ಲೇ. ಅಲ್ಲಿ ಅವಳು ಮಿಸೋ ಸಾರು ಕಲಿತಳು, ಅವರಿಗೆ ತಿಳಿಸಾರು ಕಲಿಸಿದಳು. ಕಲ್ಲು, ಒಂದು, ಎಂದು ದಾಖಲಾಗಿ ಬಂದ ಗ್ರೈಂಡರಿನಲ್ಲಿ ಹಯಾಶಿ ಸಾನ್ ಅವರ ಸೋಯಾ ಕಾಳೂ ರುಬ್ಬಿಸಿಕೊಳ್ಳುತ್ತದೆ. ಹೀಗೆ ನೆಮ್ಮದಿಯಾಗಿರುವಾಗ ಹೋದ ವಾರ ಕಟೋ ಸಾನ್ ಫೋನ್ ಮಾಡಿ, ಏಪ್ರಿಲ್‌ನಿಂದ ಮತ್ತೆ ಟೋಕಿಯೋಗೆ, ಮಿನಾಟೋ ಆಫೀಸಿಗೆ ಬರಲು ಸಾಧ್ಯವೇ ಎಂದರು. ನಾನು ತಕ್ಷಣ ಹೊಸ ಪಟ್ಟಿ ತೆರೆದೆ. ಮನುಷ್ಯರು ಪಾಠ ಕಲಿಯುತ್ತಾರೆ. ಈ ಸಲ ಲಾರಿ, ಸೋಫಾ, ಒಲೆ ಯಾವುದನ್ನೂ ಬರೆಯುವ ಮುಂಚೆ ಮೊದಲನೆಯ ಸಾಲಿನಲ್ಲಿ "ಇಂಚರಳನ್ನು ಕೇಳುವುದು" ಎಂದು ಬರೆದೆ. ಬರೆದವಳು ಹೋಗಿ ಕೇಳಿಯೂ ಕೇಳಿದೆ. ಅವಳು ಹೋಂವರ್ಕಿನಿಂದ ತಲೆಯೆತ್ತದೆ, ಸ್ಪಷ್ಟವಾದ ಕನ್ನಡದಲ್ಲಿ ಹೇಳಿದಳು: "ಮಮ್ಮಿ, ನೀನು ತಾನ್‌ಶಿನ್ ಫುನಿನ್ ಮಾಡು. ಬರುವಾಗ ಕೇಕ್ ತಾ."

ಕೇಳಿದ್ದಂತೂ ಆಯಿತು. ಆ ಸಾಲಿಗೆ ಸರಿ ಗುರುತು ಹಾಕಲು ಮಾತ್ರ ನನಗಿನ್ನೂ ಕೈ ಬಂದಿಲ್ಲ.