ಟೆಕ್ನಿಕ್ ಮಾಮಾ

ನಮ್ಮ ಸೋದರಮಾವನಿಗೆ ಕನ್ನಡದಲ್ಲಿ ಬರುವುದು ಒಂದೇ ಶಬ್ದ, ಅದೂ ಇಂಗ್ಲಿಷಿನದು! ‘ಟೆಕ್ನಿಕ್’. ಬ್ಯಾಡಗಿಯಲ್ಲಿ ಅವರದು ನಲ್ಲಿ-ಪೈಪುಗಳ ಅಂಗಡಿ. ಗಿರಾಕಿಗಳಿಗೆ ಪೈಪಿಗಿಂತ ಹೆಚ್ಚು ಸಿಗುವುದು ಈ ಶಬ್ದವೇ, ಅದೂ ಪುಕ್ಕಟೆ. ಚಹಾ ಆರಿಸುವುದಕ್ಕೆ ಟೆಕ್ನಿಕ್, ಚಪ್ಪಲಿ ಬಿಡುವುದಕ್ಕೆ ಟೆಕ್ನಿಕ್, ಮೆಣಸಿನಕಾಯಿ ಸುಗ್ಗಿಯಲ್ಲಿ ಊರೆಲ್ಲ ಸೀನುವಾಗ ಸೀನದೆ ಇರುವುದಕ್ಕೂ ಟೆಕ್ನಿಕ್! ಅದನ್ನು ನನಗೆ ವಿವರಿಸುತ್ತಲೇ ಮಾಮಾ ಎಂಥ ಸೀನು ಸೀನಿದರೆಂದರೆ, ಪಕ್ಕದ ಅಂಗಡಿಯವರು ಹೊರಗೆ ಬಂದು ನೋಡಿದರು.

ಈ ಶಬ್ದದ ಅರ್ಥಕ್ಕಾಗಿ ನಿಘಂಟು ತೆಗೆಯಬೇಡಿ. ಕೌಶಲ, ಕುಶಲತೆ, ಕೈಚಳಕ ಎಂದೆಲ್ಲ ಬರೆದಿರುತ್ತಾರೆ. ಪಾಪ, ಅವರು ನಮ್ಮ ಮಾಮಾರನ್ನು ನೋಡಿಲ್ಲ. ಮಾಮಾ ಮಾಡಿದ ಕೆಲಸ ಸರಿಹೋದರೆ ಅದು ಟೆಕ್ನಿಕ್. ಕೆಟ್ಟರೆ ಸಾಮಾನು ಕಳಪೆ. ಬೇರೆಯವರು ಮಾಡಿದ ಕೆಲಸ ಸರಿಹೋದರೋ, ಅದು ಬರೀ ನಸೀಬು!

ಒಮ್ಮೆ ರಾಣೆಬೆನ್ನೂರು ಸ್ಟ್ಯಾಂಡಿನಲ್ಲಿ ಹಾವೇರಿ ಬಸ್ಸಿಗೆ ಕಾಯುತ್ತಿದ್ದೆವು. ಗದ್ದಲವೋ ಗದ್ದಲ. ಒಂದು ಬಸ್ಸು ಬಂದು ನಿಲ್ಲುವ ಮೊದಲೇ ಮಾಮಾ ಹೆಗಲ ಮೇಲಿನ ಟವೆಲನ್ನು ಕಿಟಕಿಯಿಂದ ಸೀಟಿನ ಮೇಲೆ ಎಸೆದರು.

“ಟವೆಲ್ ಎಲ್ಲಾರೂ ಒಗಿತಾರ್ಲೇ, ಬಿಚ್ಚಿ ಒಗಿಯೂದು ಟೆಕ್ನಿಕ್. ಮೂರೂ ಸೀಟ್ ಹಿಡೀತೈತಿ!”

ನಾವು ಬಾಗಿಲಿಗೆ ಬರುವಷ್ಟರಲ್ಲಿ ಕಂಡಕ್ಟರ್ “ಮೇಡ್ಲೇರಿ, ಮೇಡ್ಲೇರಿ!” ಎಂದು ಕೂಗಿ ರೈಟ್ ಹೇಳಿಯೇಬಿಟ್ಟ. ಟವೆಲ್ ಮೂರೂ ಸೀಟು ಹಿಡಿದುಕೊಂಡು ಮೇಡ್ಲೇರಿಗೆ ಹೋಯಿತು.

“ಬೋರ್ಡ್ ನೋಡಬಾರದೇನ್ರಿ ಮಾಮಾ?”

“ಬೋರ್ಡ್ ಯಾರು ಬೇಕಾದ್ರೂ ನೋಡ್ತಾರ. ಸೀಟ್ ಸಿಕ್ತೋ ಇಲ್ಲೋ, ಅದನ್ನ ಹೇಳು!”

ಈ ಶಬ್ದಕ್ಕೆ ಹೆದರದವರೆಂದರೆ ನಮ್ಮ ಅತ್ತೆಯೊಬ್ಬರೇ. ಅವರು ರೊಟ್ಟಿ ಬಡಿಯುವಾಗ ಮಾಮಾ ಬಾಗಿಲಲ್ಲಿ ನಿಂತು, “ನೀ ಶಕ್ತೀಲೆ ಬಡೀತಿ, ಟೆಕ್ನಿಕ್‌ಲೆ ಅಲ್ಲ” ಎನ್ನುವರು. “ಬರ್ರಿ, ನೀವ ಒಂದು ಬಡದು ತೋರಸ್ರಿ” ಎನ್ನುವರು ಅತ್ತೆ. ಮಾಮಾರಿಗೆ ಆಗಲೇ ಅಂಗಡಿಯ ನೆನಪಾಗುವುದು!

ಹೋದ ವರ್ಷ ಅತ್ತೆಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಬಲಗೈ ಸೋತಿತು. ದಿನಾ ಆಡಿಸಿದರೆ ಮಾತ್ರ ಕೈ ತಿರುಗಿ ಬಂದೀತು ಎಂದು ಡಾಕ್ಟರು ಹಿಚುಕಲು ರಬ್ಬರ್ ಚೆಂಡು ಕೊಟ್ಟರು. ಅತ್ತೆ ಅದನ್ನು ಮಂಚದ ಕೆಳಗೆ ಉರುಳಿಸಿ, “ಹೋದ ಕೈ ಹೋತು, ಬಿಡ್ರಿ” ಎಂದು ಗೋಡೆ ಕಡೆ ಹೊರಳಿದರು. ಮಾಮಾ ಚೆಂಡು ಹಿಚುಕುವ ಟೆಕ್ನಿಕ್ ಹೇಳಲು ಹೋದರೆ ಅತ್ತೆ ಬೈಯಲೂ ಇಲ್ಲ. ಆ ಮನೆಯಲ್ಲಿ ಅದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿಲ್ಲ.

ಆಮೇಲೆ ಮಾಮಾ ತಾವೇ ರೊಟ್ಟಿ ಬಡಿಯತೊಡಗಿದ್ದಾರೆ ಎಂದು ಕೇಳಿ ನಕ್ಕಿದ್ದೆ. ಮೊನ್ನೆ ಹೋದಾಗ ಕಣ್ಣಾರೆ ಕಂಡೆ. ಅತ್ತೆಯ ಮಂಚ ಈಗ ಅಡುಗೆಮನೆಗೆ ಎದುರಾಗಿದೆ. ಮಾಮಾರ ಅಂಗೈ ಕೆಳಗೆ ರೊಟ್ಟಿ ತೆಳ್ಳಗೆ, ದುಂಡಗೆ ಅಗಲವಾಗುತ್ತಿತ್ತು. ಶಾಬಾಸ್ ಎನ್ನಬೇಕು, ಅಷ್ಟರಲ್ಲಿ ಅವರು ಮಂಚದ ಕಡೆ ಕಳ್ಳನೋಟ ಬೀರಿ, ಹೆಬ್ಬೆರಳಿನಿಂದ ರೊಟ್ಟಿಯ ಅಂಚನ್ನು ಬೇಕೆಂದೇ ಹರಿದುಬಿಟ್ಟರು!

“ಮತ್ತ ಹರೀತು ನೋಡು!” ಎಂದು ಕೂಗಿದರು.

“ಥೋ ನಿಮ್ಮ! ಹಿಟ್ಟು ನಾದೂದು ಒಂದು ಬರಲಿಲ್ಲ ನಿಮಗ. ಸರೀರಿ ಅತ್ತಾಗ!” ಅತ್ತೆ ಗೋಡೆ ಹಿಡಿದು ಎದ್ದರು.

“ಚಂದ ಆಗಿತ್ತಲ್ರಿ ಮಾಮಾ, ಯಾಕ ಹರದ್ರಿ?” ಎಂದು ಪಿಸುಗುಟ್ಟಿದೆ.

“ಬಾಯಿ ಮುಚ್ಚಲೇ. ದುಂಡಗ ಬಡದ್ರ ಆಕಿ ಏಳೂದಿಲ್ಲ.”

ಅತ್ತೆ ಬಂದು ಪಕ್ಕದಲ್ಲಿ ಕೂತರು. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಟ್ಟಿನ ಮೇಲಿಟ್ಟರು. ಬೆರಳುಗಳು ಒಂದಿಷ್ಟು ತಡಕಾಡಿ, ಆಮೇಲೆ ಮೆಲ್ಲಗೆ ಒತ್ತಿದವು. ಲೋಕಕ್ಕೆಲ್ಲ ಉಪದೇಶ ಮಾಡುವ ಮಾಮಾ ಏನೂ ಬಾರದವರ ಹಾಗೆ ಕೈಕಟ್ಟಿ ಕೂತಿದ್ದರು.

“ನೋಡ್ರಿ, ಹಿಂಗ ನಾದಬೇಕು,” ಎಂದರು ಅತ್ತೆ.

“ಹೌದೇನ?” ಎಂದರು ಮಾಮಾ, ಕಣ್ಣೊರೆಸಿಕೊಳ್ಳುತ್ತ. “ನನಗ ಗೊತ್ತ ಇರಲಿಲ್ಲ ನೋಡು.”